ಪಂಪ್‌ಸೆಟ್ ಇಂಪೆಲ್ಲರ್‌ನಿಂದ ಟಾರ್ಕ್ ಕನ್ವರ್ಟರ್‌ವರೆಗೆ: ನನ್ನ ಅನುಭವ

ನಮ್ಮೂರು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ವಿ.ಸಿ. ನಾಲೆಯ ಕೊನೆ ಭಾಗ. ನಾಲೆಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಬಾವಿ ಮೋಟರೇ ಗತಿ. ಹಾಗಾಗಿ ನಾನು ಮೊದಲು ಕಲಿತದ್ದು ಕಾರು ರಿಪೇರಿ ಅಲ್ಲ, ಪಂಪ್‌ಸೆಟ್ ರಿಪೇರಿ. ಹೈಸ್ಕೂಲಲ್ಲಿ ಇರುವಾಗಲೇ ಸೋದರಮಾವನ ಜೊತೆ ಕೂತು ಐದು ಎಚ್‌ಪಿ ಪಂಪ್ ಬಿಚ್ಚುತ್ತಿದ್ದೆ. ನೀರನ್ನು ಎಸೆಯುವ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್ ಸವೆದಿದೆಯಾ, ಗ್ಲ್ಯಾಂಡ್ ದಾರ ಹೋಗಿದೆಯಾ, ನೀರು ವಾಪಸ್ ಇಳಿಯದ ಹಾಗೆ ಪೈಪಿನ ಬುಡದಲ್ಲಿ ತಡೆಯುವ ಫುಟ್ ವಾಲ್ವ್ ಕಚ್ಚಿಕೊಂಡಿದೆಯಾ ಅಂತ ನೋಡುವುದು. ಪಂಪಿಗೆ ನೀರು ತುಂಬಿಸದೆ ಸ್ವಿಚ್ ಹಾಕಿದರೆ ಮೋಟರ್ ಗುಂಯ್ ಅಂತ ತಿರುಗುತ್ತದೆ, ಪೈಪಿನಲ್ಲಿ ಒಂದು ಹನಿ ನೀರು ಬರುವುದಿಲ್ಲ. ಒಳಗೆ ಗಾಳಿ ಇದ್ದರೆ ಇಂಪೆಲ್ಲರ್ ಏನನ್ನೂ ಎಸೆಯಲಾರದು. ಈ ಒಂದು ಮಾತು ಮುಂದೆ ನನಗೆ ಎಷ್ಟು ಉಪಯೋಗಕ್ಕೆ ಬಂತು ಅಂತ ಆಗ ಗೊತ್ತಿರಲಿಲ್ಲ.

ಆಮೇಲೆ ಮೈಸೂರಿನ ಬನ್ನಿಮಂಟಪದ ಕಡೆ ಒಂದು ಗ್ಯಾರೇಜಿನಲ್ಲಿ ಆರು ವರ್ಷ ಇದ್ದೆ. ಈಗ ಮಂಡ್ಯದಲ್ಲಿ ನನ್ನದೇ ಶೆಡ್ ಇದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅಂದರೆ ನಮ್ಮ ಕಡೆ ಇನ್ನೂ ಒಂದು ಭಯ ಇದೆ. ಓಡಿಸುವವರಿಗಷ್ಟೇ ಅಲ್ಲ, ಮೆಕ್ಯಾನಿಕ್‌ಗಳಿಗೂ ಇದೆ. 'ಅದು ಕೆಟ್ಟರೆ ಮುಟ್ಟೋಕಾಗಲ್ಲ, ಪೂರ್ತಿ ಬದಲಾಯಿಸಬೇಕು' ಅನ್ನುವ ಮಾತು ಎಲ್ಲಾ ಕಡೆ ಕೇಳುತ್ತೇನೆ. ಅದು ನಿಜ ಅಲ್ಲ. ಹಾಗಾಗಿ ನನ್ನ ಕೈಯಲ್ಲಿ ಆದ ಒಂದು ಕೆಲಸವನ್ನು ಇದ್ದ ಹಾಗೆ ಬರೆಯುತ್ತೇನೆ.

ಒಬ್ಬ ನಿವೃತ್ತ ಹೆಡ್‌ಮಾಸ್ಟರು ತಮ್ಮ ಹಳೆಯ ಪೆಟ್ರೋಲ್ ಸೆಡಾನ್ ತಂದರು. ನಾಲ್ಕು ಗೇರಿನ ಆಟೋಮ್ಯಾಟಿಕ್. 1,30,000 ಕಿಲೋಮೀಟರ್ ಓಡಿತ್ತು. ತೊಂದರೆ ಇಷ್ಟೇ: ಸ್ಪೀಡು 60ರ ಹತ್ತಿರ ಬಂದಾಗ ಗಾಡಿ ಗಡಗಡ ನಡುಗುತ್ತದೆ. ಸಾಲಾಗಿ ಸಣ್ಣ ಸಣ್ಣ ಹಂಪ್ ಮೇಲೆ ಹೋದ ಹಾಗೆ. ಎರಡು ಮೂರು ಸೆಕೆಂಡ್ ನಡುಗಿ ಸರಿಹೋಗುತ್ತದೆ. ಬೇರೆ ಕಡೆ ತೋರಿಸಿದ್ದಕ್ಕೆ ಗೇರ್‌ಬಾಕ್ಸ್ ಹೋಗಿದೆ, ಪೂರ್ತಿ ಬದಲಾಯಿಸಿ ಅಂದಿದ್ದರಂತೆ. ಅದಕ್ಕೆ ಹೇಳಿದಷ್ಟು ದುಡ್ಡು ಅವರ ಕಾರನ್ನೇ ಮಾರಿದರೂ ಬರುತ್ತಿರಲಿಲ್ಲ.

'ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಾಯಿಸಿದ್ದೀರಿ ಸಾರ್?' ಅಂದೆ.

'ಅದನ್ನೂ ಬದಲಾಯಿಸಬೇಕಾ?' ಅಂದರು.

ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಶ್ರೀರಂಗಪಟ್ಟಣದ ಕಡೆ ಹಳೆ ರಸ್ತೆಯಲ್ಲಿ ಹೊರಟೆ. ಎಕ್ಸ್‌ಪ್ರೆಸ್‌ವೇಯ ಬೈಪಾಸ್ ಶುರುವಾದ ಮೇಲೆ ಹಳೆ ರಸ್ತೆ ಸ್ವಲ್ಪ ಖಾಲಿ, ಟೆಸ್ಟ್ ಮಾಡಲು ಅನುಕೂಲ. 60ಕ್ಕೆ ಬಂತು, ನಡುಕ ಶುರುವಾಯಿತು. ಆಕ್ಸಿಲರೇಟರ್ ಹಾಗೇ ಹಿಡಿದುಕೊಂಡು, ಎಡಗಾಲಿನಲ್ಲಿ ಬ್ರೇಕನ್ನು ಸುಮ್ನೆ ಮುಟ್ಟಿದೆ. ಬ್ರೇಕ್ ಹಿಡಿಯುವಷ್ಟು ಅಲ್ಲ, ಹಿಂದಿನ ಲೈಟ್ ಹತ್ತುವಷ್ಟು. ಎಂಜಿನ್ ಎಷ್ಟು ವೇಗವಾಗಿ ಸುತ್ತುತ್ತಿದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು ಸುಮಾರು 200 ಮೇಲೇರಿತು. ನಡುಕ ನಿಂತುಹೋಯಿತು. ಕಾಲು ತೆಗೆದೆ. ಸ್ವಲ್ಪ ಹೊತ್ತಿಗೆ ಮುಳ್ಳು ಕೆಳಗಿಳಿಯಿತು, ನಡುಕ ಮತ್ತೆ ಬಂತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ.

ಇದರಿಂದ ಏನು ಗೊತ್ತಾಯಿತು ಅಂತ ಹೇಳಬೇಕಾದರೆ ಒಳಗೆ ಏನು ನಡೆಯುತ್ತದೆ ಅಂತ ಮೊದಲು ಹೇಳಬೇಕು.

ಮ್ಯಾನುಯಲ್ ಗಾಡಿಯಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ. ಇಲ್ಲಿ ಆ ಜಾಗದಲ್ಲಿ ಎಣ್ಣೆ ತುಂಬಿದ ಒಂದು ಕಬ್ಬಿಣದ ಡಬ್ಬ. ಎರಡು ಬೋಗುಣಿಗಳನ್ನು ಬಾಯಿಗೆ ಬಾಯಿ ಇಟ್ಟು ವೆಲ್ಡ್ ಮಾಡಿದರೆ ಹೇಗಿರುತ್ತದೋ ಹಾಗೆ. ಇದೇ ಟಾರ್ಕ್ ಕನ್ವರ್ಟರ್. ಡಬ್ಬದ ಹೊರಮೈ ಎಂಜಿನ್ನಿಗೆ ಬೋಲ್ಟ್ ಆಗಿರುತ್ತದೆ, ಎಂಜಿನ್ ಜೊತೆಗೇ ತಿರುಗುತ್ತದೆ. ಗೇರ್‌ಬಾಕ್ಸ್ ಕಡೆಯ ಬೋಗುಣಿಯ ಒಳಗೆ ಸುತ್ತಲೂ ರೆಕ್ಕೆಗಳಿವೆ. ಇದರ ಹೆಸರು ಇಂಪೆಲ್ಲರ್. ನಮ್ಮ ಬಾವಿ ಪಂಪಿನಲ್ಲಿ ಇರುವುದೂ ಇಂಪೆಲ್ಲರೇ! ಗ್ಯಾರೇಜಿನಲ್ಲಿ ಆ ಹೆಸರು ಮೊದಲ ಸಲ ಕೇಳಿದಾಗ ನನಗೆ ಆದ ಸಂತೋಷ ಈಗಲೂ ನೆನಪಿದೆ. ಕೆಲಸವೂ ಅದೇ. ತಿರುಗುತ್ತಾ ಎಣ್ಣೆಯನ್ನು ಮಧ್ಯದಿಂದ ಅಂಚಿಗೆ ಎಸೆಯುವುದು.

ಎಸೆದ ಎಣ್ಣೆ ಎದುರಿನ ರೆಕ್ಕೆಗಳಿಗೆ ಹೊಡೆಯುತ್ತದೆ. ಅದು ಟರ್ಬೈನ್. ಡಬ್ಬದ ಒಳಗೇ ಇದ್ದರೂ ಡಬ್ಬಕ್ಕೆ ಅಂಟಿಕೊಂಡಿಲ್ಲ, ಗೇರ್‌ಬಾಕ್ಸಿನ ಶಾಫ್ಟಿಗೆ ಸೇರಿದೆ. ಎಣ್ಣೆಯ ಹೊಡೆತಕ್ಕೆ ಟರ್ಬೈನ್ ತಿರುಗುತ್ತದೆ, ಅದರ ಜೊತೆ ಗೇರ್‌ಬಾಕ್ಸ್ ತಿರುಗುತ್ತದೆ. ಎಂಜಿನ್ನಿಗೂ ಚಕ್ರಕ್ಕೂ ನಡುವೆ ಲೋಹಕ್ಕೆ ಲೋಹ ಕಚ್ಚಿಕೊಂಡಿಲ್ಲ. ಅದಕ್ಕೇ ಸಿಗ್ನಲ್‌ನಲ್ಲಿ ಲಿವರನ್ನು ಡಿಗೆ (ಡ್ರೈವ್) ಹಾಕಿ ಬ್ರೇಕ್ ಹಿಡಿದು ನಿಂತರೂ ಎಂಜಿನ್ ಆಫ್ ಆಗುವುದಿಲ್ಲ. ಬ್ರೇಕ್ ಬಿಟ್ಟರೆ ಆಕ್ಸಿಲರೇಟರ್ ಒತ್ತದಿದ್ದರೂ ಗಾಡಿ ಮೆಲ್ಲಗೆ ಮುಂದೆ ತೆವಳುತ್ತದೆ.

ಇಷ್ಟಾದರೆ ಅದು ಬರೀ ಜೋಡಣೆ ಅಷ್ಟೇ. ಇದನ್ನು ಕನ್ವರ್ಟರ್ ಅನ್ನುವುದು ಮೂರನೇ ರೆಕ್ಕೆಚಕ್ರದಿಂದ. ಅದರ ಹೆಸರು ಸ್ಟೇಟರ್. ಇವೆರಡರ ನಡುವೆ, ಮಧ್ಯದಲ್ಲಿ ಕೂತಿರುತ್ತದೆ. ಬಾವಿ ಪಂಪಿನಲ್ಲಿ ನೀರು ಡೆಲಿವರಿ ಪೈಪಿಗೆ ಹೋಗಿಬಿಡುತ್ತದೆ, ವಾಪಸ್ ಬರುವುದಿಲ್ಲ. ಇಲ್ಲಿ ಅದೇ ಎಣ್ಣೆ ಟರ್ಬೈನ್ ದಾಟಿ ಮತ್ತೆ ಇಂಪೆಲ್ಲರ್‌ಗೇ ಬರಬೇಕು. ಆದರೆ ಗಾಡಿ ನಿಂತ ಜಾಗದಿಂದ ಹೊರಡುವಾಗ, ಟರ್ಬೈನ್ ರೆಕ್ಕೆಗಳ ಬಾಗಿನಿಂದಾಗಿ ಎಣ್ಣೆ ಉಲ್ಟಾ ದಿಕ್ಕಿಗೆ ತಿರುಗಿ ಹೊರಬರುತ್ತದೆ. ಹಾಗೇ ಬಂದರೆ ಇಂಪೆಲ್ಲರ್‌ಗೆ ಎದುರು ಹೊಡೆದು ಎಂಜಿನ್ನನ್ನೇ ತಡೆಯುತ್ತದೆ. ಸ್ಟೇಟರ್ ಅದನ್ನು ಹಿಡಿದು, ಮತ್ತೆ ಸರಿಯಾದ ದಿಕ್ಕಿಗೆ ತಿರುಗಿಸಿ ಕಳಿಸುತ್ತದೆ.

ಗದ್ದೆಗೆ ನೀರು ಕಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ರಭಸವಾಗಿ ಹರಿಯುವ ಕಾಲುವೆಗೆ ಹಲಗೆ ಅಡ್ಡ ಕೊಟ್ಟು ನೀರನ್ನು ಪಕ್ಕದ ಗದ್ದೆಗೆ ತಿರುಗಿಸಿ ನೋಡಿ. ಹಲಗೆ ಕೈಯನ್ನು ಹೇಗೆ ತಳ್ಳುತ್ತದೆ ಅಲ್ವಾ? ಸ್ಟೇಟರ್ ಅದೇ ಹಲಗೆ. ಅದನ್ನು ಹಿಂದೆ ತಿರುಗಲು ಬಿಡದ ಹಾಗೆ ಗೇರ್‌ಬಾಕ್ಸಿನ ಮೈ ಹಿಡಿದುಕೊಂಡಿರುತ್ತದೆ. ಆ ಹಿಡಿತದಿಂದ ಬರುವ ಬಲವೇ ಟರ್ಬೈನಿಗೆ ಜಾಸ್ತಿಯಾಗಿ ಸಿಗುತ್ತದೆ. ಸಾಮಾನ್ಯ ಕಾರಿನಲ್ಲಿ ಹೊರಡುವ ಕ್ಷಣಕ್ಕೆ ಎಂಜಿನ್ನಿನ ಟಾರ್ಕ್ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಇದು ಪುಕ್ಕಟೆ ಶಕ್ತಿ ಅಲ್ಲ. ಬಲ ಜಾಸ್ತಿ ಇರುವಾಗ ಟರ್ಬೈನ್ ನಿಧಾನವಾಗಿ ತಿರುಗುತ್ತಿರುತ್ತದೆ, ಉಳಿದದ್ದು ಎಣ್ಣೆಯಲ್ಲಿ ಬಿಸಿಯಾಗಿ ಹೋಗುತ್ತದೆ. ಗಾಡಿ ಓಟ ಹಿಡಿದು ಟರ್ಬೈನಿನ ವೇಗ ಇಂಪೆಲ್ಲರ್‌ನ ಶೇಕಡಾ 85-90ರ ಹತ್ತಿರ ಬಂದಾಗ ಎಣ್ಣೆ ಬೇರೆ ದಿಕ್ಕಿನಿಂದ ಸ್ಟೇಟರ್‌ಗೆ ತಾಗುತ್ತದೆ. ಆಗ ಅದು ತಾನೂ ಮುಂದೆ ತಿರುಗಲು ಶುರುಮಾಡುತ್ತದೆ. ಅದರ ಹೊಟ್ಟೆಯಲ್ಲಿ ಸೈಕಲ್ಲಿನ ಫ್ರೀವೀಲ್ ತರಹದ ಒಂದು ಬೇರಿಂಗ್ ಇದೆ. ಒಂದು ಕಡೆ ಮಾತ್ರ ತಿರುಗುತ್ತದೆ.

ಈ ಯೋಚನೆ ಹುಟ್ಟಿದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಜರ್ಮನಿಯ ಹರ್ಮನ್ ಫೊಟಿಂಗರ್ ಅನ್ನುವ ಎಂಜಿನಿಯರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಜೋರಾಗಿ ತಿರುಗುವ ಸ್ಟೀಮ್ ಟರ್ಬೈನಿಗೂ ನಿಧಾನ ತಿರುಗಬೇಕಾದ ಹಡಗಿನ ಪ್ರೊಪೆಲ್ಲರಿಗೂ ನಡುವೆ ಏನಿಡುವುದು ಅನ್ನುವುದು ಅವರ ಸಮಸ್ಯೆ. ನೀರಿನ ಲೆಕ್ಕ ಗೊತ್ತಿದ್ದವರಿಗೇ ಇದು ಹೊಳೆದದ್ದು ಅನ್ನುವುದು ನನಗೆ ತುಂಬಾ ಇಷ್ಟ.

ಈಗ ಮೇಷ್ಟ್ರ ಕಾರಿಗೆ ಬರುತ್ತೇನೆ. ಎಣ್ಣೆಯ ಜೋಡಣೆಯಲ್ಲಿ ಟರ್ಬೈನ್ ಯಾವಾಗಲೂ ಸ್ವಲ್ಪ ಹಿಂದೆ ಬಿದ್ದಿರುತ್ತದೆ. ಪೆಟ್ರೋಲ್ ದಂಡ. ಅದಕ್ಕೆ ಡಬ್ಬದ ಒಳಗೇ ಒಂದು ಸಣ್ಣ ಕ್ಲಚ್ ಇಟ್ಟಿರುತ್ತಾರೆ. ಸ್ಪೀಡು ಬಂದಮೇಲೆ ಅದು ಟರ್ಬೈನನ್ನು ಡಬ್ಬದ ಗೋಡೆಗೆ ಒತ್ತಿ ಹಿಡಿಯುತ್ತದೆ, ಎಲ್ಲವೂ ಒಂದಾಗಿ ತಿರುಗುತ್ತದೆ. ಇದೇ ಲಾಕ್‌ಅಪ್. ಬ್ರೇಕ್ ಮುಟ್ಟಿದ ತಕ್ಷಣ ಲಾಕ್ ಬಿಡುತ್ತದೆ. ಬ್ರೇಕ್ ಮುಟ್ಟಿದಾಗ ನಡುಕ ನಿಂತಿತು ಅಂದರೆ ಕಳ್ಳ ಸಿಕ್ಕಿದ ಹಾಗೆ. ಲಾಕ್‌ಅಪ್ ಕ್ಲಚ್ಚು ನೆಟ್ಟಗೆ ಹಿಡಿಯದೆ ಜಾರಿ ಹಿಡಿದು ಜಾರಿ ಹಿಡಿದು ಮಾಡುತ್ತಿದೆ. ಗೇರುಗಳಿಗೆ ಏನೂ ಆಗಿಲ್ಲ.

ಶೆಡ್ಡಿಗೆ ಬಂದು ಗೇರ್‌ಬಾಕ್ಸ್ ಆಯಿಲಿನ ಡಿಪ್‌ಸ್ಟಿಕ್ (ಎಣ್ಣೆ ಮಟ್ಟ ನೋಡುವ ಕಡ್ಡಿ) ಎಳೆದೆ. ಹೊಸ ಎಣ್ಣೆ ದಾಳಿಂಬೆ ರಸದ ಹಾಗೆ ಕೆಂಪಗಿರುತ್ತದೆ. ಇದು ಜೋನಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಆಲೆಮನೆಯಲ್ಲಿ ಪಾಕ ಸೀದಾಗ ಒಂದು ವಾಸನೆ ಬರುತ್ತದಲ್ಲ, ಮೂಗಿಗೆ ಅದೇ ವಾಸನೆ ಬಂತು. ಈ ಎಣ್ಣೆ ಬರೀ ಗ್ರೀಸ್ ಹಾಗೆ ನುಣುಪಿಗೆ ಇರುವುದಲ್ಲ. ಇದೇ ಬಲ ಸಾಗಿಸುತ್ತದೆ, ಇದೇ ಕ್ಲಚ್ಚುಗಳನ್ನು ಒತ್ತುತ್ತದೆ, ಇದೇ ತಂಪು ಮಾಡುತ್ತದೆ. ಕ್ಲಚ್ ಎಷ್ಟು ಮೆತ್ತಗೆ ಹಿಡಿಯಬೇಕು ಅನ್ನುವುದೂ ಇದರ ಗುಣದ ಮೇಲೇ ನಿಂತಿದೆ. ನನ್ನನ್ನು ಕೇಳಿದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪಾರ್ಟು ಎಣ್ಣೆಯೇ.

ಅದಕ್ಕೆ ಮೊದಲು ಎಣ್ಣೆ ಬದಲಾಯಿಸಿದೆ. ಇಲ್ಲಿ ಒಂದು ವಿಷಯ ಇದೆ. ಕೆಳಗಿನ ಬೋಲ್ಟ್ ಬಿಚ್ಚಿದರೆ ಎಲ್ಲಾ ಎಣ್ಣೆ ಇಳಿಯುವುದಿಲ್ಲ. ಈ ಗಾಡಿಯಲ್ಲಿ ಒಟ್ಟು 7 ಲೀಟರ್, ಇಳಿದದ್ದು ಮೂರೂವರೆ. ಉಳಿದದ್ದು ಕನ್ವರ್ಟರ್‌ನಲ್ಲೂ ಪೈಪುಗಳಲ್ಲೂ ನಿಂತಿರುತ್ತದೆ. ಮೂರೂವರೆ ಹೊಸದು ಹಾಕಿದರೆ ಅರ್ಧ ಹಳೆಯದೇ. ನಾಲ್ಕು ದಿನ ಓಡಿಸಿ ಮತ್ತೆ ಹಾಗೇ ಮಾಡಿದರೆ ಕಾಲು ಭಾಗ ಹಳೆಯದು. ಮೂರನೇ ಸಲಕ್ಕೆ ಎಂಟನೇ ಒಂದು ಭಾಗ. ಮಜ್ಜಿಗೆಗೆ ನೀರು ಬೆರೆಸುತ್ತಾ ಹೋದ ಹಾಗೆ. ಮೂರು ಸಲ ಮಾಡಿದೆ. ಗಾಡಿಯ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಎಣ್ಣೆಯನ್ನೇ ಹಾಕಿದೆ, ಇದರಲ್ಲಿ ರಾಜಿ ಬೇಡ.

ನಡುಕ ಅರ್ಧಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ. ಎಷ್ಟೋ ಗಾಡಿಗಳಲ್ಲಿ ಇಷ್ಟಕ್ಕೇ ಹೋಗಿಬಿಡುತ್ತದೆ, ಹಾಗಾಗಿ ಮೊದಲು ಇದನ್ನೇ ಮಾಡಿ ನೋಡಬೇಕು. ಆದರೆ ಕೆಳಗಿನ ಪ್ಯಾನ್ ಬಿಚ್ಚಿದಾಗ ಕಂಡದ್ದು ಬೇರೆ. ಆಯಸ್ಕಾಂತಕ್ಕೆ ವಿಭೂತಿಯಂಥ ನುಣ್ಣನೆಯ ಬೂದು ಪುಡಿ ಅಂಟಿತ್ತು, ಅದು ಎಲ್ಲಾ ಗಾಡಿಯಲ್ಲೂ ಇರುತ್ತದೆ. ಅದರ ಪಕ್ಕದಲ್ಲಿ ಉಗುರಿನಷ್ಟು ಕಪ್ಪು ಹಪ್ಪಳೆಗಳು. ಎರಡು ಬೆರಳಲ್ಲಿ ಉಜ್ಜಿದರೆ ಪುಡಿಯಾದವು. ಕ್ಲಚ್ಚಿನ ಲೈನಿಂಗ್ ಎದ್ದು ಬರುತ್ತಿದೆ. ಕನ್ವರ್ಟರ್ ಇಳಿಸಲೇಬೇಕು ಅಂತ ಮೇಷ್ಟ್ರಿಗೆ ಹೇಳಿದೆ. ಒಂದು ದಿನ ಯೋಚನೆ ಮಾಡಿ ಒಪ್ಪಿದರು.

ಇಳಿಸುವುದು ಮೈಮುರಿ ಕೆಲಸ, ಅದರಲ್ಲಿ ಹೇಳುವಂಥದ್ದು ಕಡಿಮೆ. ಎಂಜಿನ್ನಿಗೆ ಮೇಲಿಂದ ಸಪೋರ್ಟ್ ಕೊಟ್ಟು, ಆಕ್ಸಲ್ ಎಳೆದು, ಕನ್ವರ್ಟರ್‌ನ ಆರು ಬೋಲ್ಟುಗಳನ್ನು ಸಣ್ಣ ಕಿಂಡಿಯಲ್ಲಿ ಒಂದೊಂದಾಗಿ, ಎಂಜಿನ್ ತಿರುಗಿಸಿಕೊಂಡು ಬಿಚ್ಚಬೇಕು. ಬಾಕ್ಸ್ ಕೆಳಗಿಳಿದ ಮೇಲೆ ಹೇಗೂ ಬೆಂಚಿನ ಮೇಲಿದೆ ಅಂತ ವಾಲ್ವ್ ಬಾಡಿಯನ್ನೂ ತೆಗೆದು ತೊಳೆದೆ. ಅಲ್ಯೂಮಿನಿಯಂ ಹಲಗೆಯಲ್ಲಿ ಕೊರೆದ ಕಾಲುವೆಗಳ ಜಾಲ ಅದು. ಯಾವ ಗೇರಿನ ಕ್ಲಚ್ಚಿಗೆ ಎಣ್ಣೆ ಹೋಗಬೇಕು ಅನ್ನುವುದನ್ನು ಅಲ್ಲಿನ ವಾಲ್ವುಗಳೂ ಕರೆಂಟಿನಿಂದ ಕೆಲಸ ಮಾಡುವ ಸೊಲೆನಾಯ್ಡುಗಳೂ ತೀರ್ಮಾನಿಸುತ್ತವೆ. ನಮ್ಮ ನಾಲೆಯ ತೂಬುಗಳ ಹಾಗೆ. ಇದನ್ನು ಬನಿಯನ್ ವೇಸ್ಟಿನಲ್ಲಿ ಒರೆಸಬೇಡಿ. ಒಂದು ನೂಲಿನ ಎಳೆ ಸಾಕು, ವಾಲ್ವ್ ಸಿಕ್ಕಿಕೊಳ್ಳುತ್ತದೆ. ಒಳಗಿನ ಸಣ್ಣ ಸ್ಟೀಲ್ ಗುಂಡುಗಳು ಯಾವ ಗುಳಿಯಲ್ಲಿದ್ದವು ಅಂತ ಎತ್ತುವ ಮೊದಲೇ ಫೋಟೋ ತೆಗೆದುಕೊಳ್ಳಿ.

ಗೇರುಗಳ ವಿಷಯ ನನ್ನ ಹುಡುಗರು ಪದೇ ಪದೇ ಕೇಳುತ್ತಾರೆ: ಗೇರುಗಳನ್ನು ಅತ್ತಿತ್ತ ಸರಿಸದೆ, ಕ್ಲಚ್ ಒತ್ತದೆ, ಗೇರು ಹೇಗೆ ಬದಲಾಗುತ್ತದೆ ಅಂತ. ಗುಜರಿಯಿಂದ ತಂದ ಒಂದು ಗೇರ್ ಸೆಟ್ ಶೆಡ್ಡಿನಲ್ಲಿದೆ, ಅದನ್ನೇ ಕೈಗೆ ಕೊಡುತ್ತೇನೆ. ನಡುವೆ ಸನ್ ಗೇರ್, 30 ಹಲ್ಲು. ಸುತ್ತಲೂ ಬಳೆಯ ಹಾಗೆ ರಿಂಗ್ ಗೇರ್, ಒಳಮುಖವಾಗಿ 70 ಹಲ್ಲು. ನಡುವೆ ತಲಾ 20 ಹಲ್ಲಿನ ಪ್ಲಾನೆಟ್ ಗೇರುಗಳು, ಅವನ್ನೆಲ್ಲ ಹಿಡಿದುಕೊಂಡ ಕ್ಯಾರಿಯರ್. ರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡು ಸನ್ ಗೇರನ್ನು 10 ಸುತ್ತು ತಿರುಗಿಸಿದರೆ ಕ್ಯಾರಿಯರ್ ಸರಿಯಾಗಿ 3 ಸುತ್ತು ತಿರುಗುತ್ತದೆ. ನಿಧಾನ, ಬಲ ಜಾಸ್ತಿ. ಇದು ಫಸ್ಟ್ ಗೇರಿನಂತೆ. ಈಗ ರಿಂಗ್ ಬಿಟ್ಟು ಕ್ಯಾರಿಯರ್ ಹಿಡಿದುಕೊಳ್ಳಿ. ಸನ್ 7 ಸುತ್ತಿದರೆ ರಿಂಗ್ 3 ಸುತ್ತು ತಿರುಗುತ್ತದೆ, ಅದೂ ಹಿಂದಕ್ಕೆ. ರಿವರ್ಸ್! ಯಾವುದಾದರೂ ಎರಡನ್ನು ಒಟ್ಟಿಗೆ ಕಟ್ಟಿದರೆ ಎಲ್ಲವೂ ಒಂದೇ ವೇಗದಲ್ಲಿ ತಿರುಗುತ್ತದೆ. ಹಲ್ಲು ಬಿಡಿಸಿ ಹಲ್ಲು ಸೇರಿಸುವ ಮಾತೇ ಇಲ್ಲ. ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು ಅಷ್ಟೇ. ಆ ಹಿಡಿಯುವ ಕೈಗಳೇ ಒಳಗಿನ ಕ್ಲಚ್ಚು ಮತ್ತು ಬ್ಯಾಂಡುಗಳು.

ಹೊಸ ಕನ್ವರ್ಟರ್ ಬಂತು. ಕೂರಿಸುವ ಮೊದಲು ಬಾಯಿ ಮೇಲೆ ಮಾಡಿ ಒಂದು ಲೀಟರ್ ಎಣ್ಣೆ ಹುಯ್ದು ನಿಧಾನವಾಗಿ ತಿರುಗಿಸಿದೆ. ಬಾವಿ ಪಂಪಿಗೆ ನೀರು ತುಂಬಿಸಿದ ಹಾಗೆಯೇ. ಒಣಗಿದ್ದರೆ ಮೊದಲ ಕ್ಷಣಗಳಲ್ಲಿ ಒಳಗಿನದು ಉಜ್ಜಿಹೋಗುತ್ತದೆ.

ಕೂರಿಸುವುದರಲ್ಲಿ ನನಗೆ ಒಂದು ಹಳೆಯ ನೋವು ಇದೆ. ಮೈಸೂರಿನ ಗ್ಯಾರೇಜಿನಲ್ಲಿ ಮೊದಲ ಸಲ ಈ ಕೆಲಸ ಮಾಡಿದಾಗ ಕನ್ವರ್ಟರನ್ನು ಶಾಫ್ಟಿಗೆ ತಳ್ಳಿದೆ, ಟಕ್ ಅಂತು. ಮತ್ತೆ ತಿರುಗಿಸಿದೆ, ಇನ್ನೊಂದು ಟಕ್. ಆಯಿತು ಅಂದುಕೊಂಡೆ. ಎಂಜಿನ್ನಿಗೂ ಬಾಕ್ಸಿಗೂ ನಡುವೆ ಒಂದು ಬೆರಳು ಸಂದಿ ಉಳಿದಿತ್ತು. ಬೋಲ್ಟ್ ಹಾಕಿ ಎಳೆದರೆ ಕೂರುತ್ತದೆ ಅಂತ ಬಿಗಿದೆ. ಗಾಡಿ ಸ್ಟಾರ್ಟ್ ಮಾಡಿದಾಗ ಒಂದು ಕಿರ್ರ್ ಶಬ್ದ ಬಂತು, ಗೇರೇ ಬೀಳಲಿಲ್ಲ. ಆಯಿಲ್ ಪಂಪಿನ ಒಳಗಿನ ಗೇರು ಸೀಳಿತ್ತು. ಮೂರು ಟಕ್ ಬೇಕು. ಒಂದು ಟರ್ಬೈನಿನ ಶಾಫ್ಟಿಗೆ, ಒಂದು ಸ್ಟೇಟರ್‌ನ ಶಾಫ್ಟಿಗೆ, ಕೊನೆಯದು ಆಯಿಲ್ ಪಂಪನ್ನು ತಿರುಗಿಸುವ ಕಚ್ಚಿಗೆ. ತಪ್ಪು ನನ್ನದೇ. ಎರಡು ತಿಂಗಳ ಸಂಬಳದಲ್ಲಿ ತೀರಿಸಿದೆ.

ಹಾಗಾಗಿ ಮೇಷ್ಟ್ರ ಗಾಡಿಯಲ್ಲಿ ಅಂಗೈ ಮೇಲೆ ಭಾರ ಹೊತ್ತು, ಅಲುಗಿಸುತ್ತಾ ತಿರುಗಿಸುತ್ತಾ ಮೂರನ್ನೂ ಎಣಿಸಿದೆ. ಮೂರನೆಯದು ಕಿವಿಗಿಂತ ಕೈಗೆ ಮೊದಲು ಗೊತ್ತಾಗುತ್ತದೆ. ಭಾರ ಒಂದು ಬೆರಳಷ್ಟು ಒಳಗೆ ಜಾರುತ್ತದೆ. ಆಮೇಲೂ ಬಾಕ್ಸಿನ ಅಂಚಿಗೆ ಅಡ್ಡ ಪಟ್ಟಿ ಇಟ್ಟು ಆಳ ಅಳೆದು, ಪುಸ್ತಕದ ಲೆಕ್ಕಕ್ಕೆ ಸರಿ ಇದೆ ಅಂತ ನೋಡಿಯೇ ಎಂಜಿನ್ನಿಗೆ ಸೇರಿಸಿದೆ. ಬೋಲ್ಟ್ ಬಿಗಿಯುವ ಮೊದಲೇ ಎರಡೂ ಮೈ ಕೈಯಲ್ಲೇ ಕೂರಬೇಕು.

ಈ ಆಯಿಲ್ ಪಂಪ್ ತಿರುಗುವುದು ಕನ್ವರ್ಟರ್‌ನಿಂದ, ಅಂದರೆ ಎಂಜಿನ್ನಿನಿಂದ. ಎಂಜಿನ್ ಆಫ್ ಆದರೆ ಬಾಕ್ಸಿನಲ್ಲಿ ಎಣ್ಣೆ ಓಡುವುದಿಲ್ಲ. ಆಟೋಮ್ಯಾಟಿಕ್ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಲು ಆಗದಿರುವುದು ಇದಕ್ಕೇ. ಕೆಟ್ಟುನಿಂತ ಗಾಡಿಗೆ ಹಗ್ಗ ಕಟ್ಟಿ ದೂರ ಎಳೆಯಬಾರದು ಅನ್ನುವುದೂ ಇದಕ್ಕೇ. ಎಕ್ಸ್‌ಪ್ರೆಸ್‌ವೇಯಲ್ಲಿ ನಿಂತರೆ ಗಾಡಿಯನ್ನು ಮೇಲೇ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಲಾರಿ ಕರೆಸಿ, ಇಲ್ಲವೇ ಎಂಜಿನ್ ಬಲ ಹೋಗುವ ಚಕ್ರಗಳನ್ನಾದರೂ ಮೇಲೆತ್ತಿ. ಹಗ್ಗದಲ್ಲಿ ಎಳೆಸಿಕೊಂಡು ಬಂದ ಒಳ್ಳೆಯ ಬಾಕ್ಸುಗಳು ಸುಟ್ಟದ್ದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಎಣ್ಣೆ ಮಟ್ಟ ನೋಡುವುದರಲ್ಲೂ ಜನ ಎಡವುತ್ತಾರೆ. ಎಂಜಿನ್ ಆಯಿಲನ್ನು ಗಾಡಿ ಆಫ್ ಮಾಡಿ ನೋಡಬೇಕು. ಗೇರ್‌ಬಾಕ್ಸ್ ಎಣ್ಣೆಯನ್ನು ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗ, ಬಿಸಿಯಾದ ಮೇಲೆ, ಸಮತಟ್ಟು ಜಾಗದಲ್ಲಿ, ಬ್ರೇಕ್ ಹಿಡಿದು ಎಲ್ಲಾ ಗೇರಿಗೂ ಒಮ್ಮೆ ಹಾಕಿ ತೆಗೆದು ನೋಡಬೇಕು. ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ತಿರುವಿನಲ್ಲಿ ಗೇರು ಜಾರುತ್ತದೆ. ಫುಟ್ ವಾಲ್ವ್ ಸೋರುವ ಬಾವಿ ಪಂಪಿನ ಕಥೆಯೇ. ಜಾಸ್ತಿ ಹಾಕಿದರೂ ತೊಂದರೆ, ಗೇರುಗಳು ಕಲಕಿ ನೊರೆ ಮಾಡುತ್ತವೆ. ಡಿಪ್‌ಸ್ಟಿಕ್ ಇಲ್ಲದ ಹೊಸ ಗಾಡಿಗಳನ್ನು ಗೊತ್ತಿರುವವರ ಹತ್ತಿರವೇ ನೋಡಿಸಿ.

ಹಳೆಯ ಕನ್ವರ್ಟರನ್ನು ಸುಮ್ನೆ ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ಲೇತ್‌ನಲ್ಲಿ ವೆಲ್ಡಿಂಗ್ ಗೆರೆಯ ಮೇಲೇ ಕೊರೆಸಿದೆ. ಎರಡು ಬೋಗುಣಿ ಬೇರೆಯಾದವು. ಲಾಕ್‌ಅಪ್ ಪ್ಲೇಟಿನ ಲೈನಿಂಗ್ ಮುಕ್ಕಾಲು ಸುತ್ತು ಗಾಜಿನ ಹಾಗೆ ಹೊಳೆಯುತ್ತಿತ್ತು, ಉಳಿದ ಕಾಲು ಭಾಗದಲ್ಲಿ ಎದ್ದುಹೋಗಿ ಬರೀ ಕಬ್ಬಿಣ ಕಾಣುತ್ತಿತ್ತು. ಡಬ್ಬದ ಒಳಗೋಡೆಯಲ್ಲಿ ನೀಲಿ ಬಣ್ಣದ ಬಿಸಿ ಕಲೆ. ಮೇಷ್ಟ್ರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಬಿಸಿ ಎಲ್ಲಿಂದ ಬಂತು ಅಂತ ಕೇಳಿದರು. ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಹಿಂದೆ ದಿನಾ ಮುಕ್ಕಾಲು ಗಂಟೆ ತೆವಳುತ್ತೀರಲ್ಲ ಸಾರ್, ಅಂದೆ. ಆಗ ಲಾಕ್‌ಅಪ್ ಹಿಡಿಯುವುದೇ ಇಲ್ಲ. ಎಣ್ಣೆ ಜಾರುತ್ತಲೇ ಇರುತ್ತದೆ, ಬಿಸಿಯಾಗುತ್ತಲೇ ಇರುತ್ತದೆ. ತೆವಳುವುದನ್ನು ತಪ್ಪಿಸಲು ಆಗುವುದಿಲ್ಲ, ಬೆಂದ ಎಣ್ಣೆಯನ್ನು ಬದಲಾಯಿಸಲು ಆಗುತ್ತದೆ.

ಕೊನೆಯ ಪರೀಕ್ಷೆಗೆ ಚಾಮುಂಡಿ ಬೆಟ್ಟಕ್ಕೆ ಹೋದೆವು. ಹತ್ತುವಾಗ ಸೆಕೆಂಡ್ ಗೇರಿಗೂ ಥರ್ಡ್‌ಗೂ ಓಲಾಡದ ಹಾಗೆ ಲಿವರನ್ನು 2ರಲ್ಲಿ ಇಟ್ಟೆ. ಇಳಿಯುವಾಗಲೂ 2ರಲ್ಲೇ. ನ್ಯೂಟ್ರಲ್‌ನಲ್ಲಿ ಬೆಟ್ಟ ಇಳಿಯಬೇಡಿ, ಎಂಜಿನ್ನಿನ ಹಿಡಿತ ಹೋಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ವಾಪಸ್ ಬರುವಾಗ ಶ್ರೀರಂಗಪಟ್ಟಣ ದಾಟಿ ಸ್ಟೇರಿಂಗ್ ಮೇಷ್ಟ್ರ ಕೈಗೆ ಕೊಟ್ಟೆ. 55, 58, 60. ಇಬ್ಬರೂ ಮಾತಾಡಲಿಲ್ಲ. ಆರ್‌ಪಿಎಂ ಮುಳ್ಳು ಮೆಲ್ಲಗೆ 200 ಕೆಳಗಿಳಿದು ನಿಂತಿತು. ಗಾಡಿ ಅಲುಗಲಿಲ್ಲ. ಅವರು ಬ್ರೇಕನ್ನು ಸುಮ್ನೆ ಮುಟ್ಟಿದರು, ಮುಳ್ಳು ಏರಿತು. ಬಿಟ್ಟರು, ಇಳಿಯಿತು. ಮಂಡ್ಯ ಬರುವವರೆಗೂ ಅದನ್ನೇ ಮಾಡಿ ನೋಡುತ್ತಿದ್ದರು.

ಡ್ರೈವರ್ ಬಾಗಿಲಿನ ಒಳ ಅಂಚಿನಲ್ಲಿ ಎಣ್ಣೆ ಹಾಕಿದ ಕಿಲೋಮೀಟರನ್ನು ಪೇಂಟ್ ಪೆನ್ನಿನಲ್ಲಿ ಬರೆದುಕೊಟ್ಟೆ, ಅದರ ಕೆಳಗೆ ಇನ್ನು 40,000 ಸೇರಿಸಿ ಇನ್ನೊಂದು ಅಂಕಿ.